ಕೆರೆಗೂ ಬೇಡ, ಹೊಂಡಕ್ಕೂ ಬೇಡ

ಪ್ರಶ್ನೆ: ಕಳೆದ ವರ್ಷ ಹುಬ್ಬಳ್ಳಿಯ ಒಂದು ಅಕ್ವೇರಿಯಂ ಅಂಗಡಿಯಿಂದ ಮಗನಿಗೆಂದು ಚಿಕ್ಕ ‘ಲಾಬ್‌ಸ್ಟರ್’ ತಂದಿದ್ದೆ. ಆಗ ಕಿರುಬೆರಳಿನಷ್ಟಿತ್ತು, ಈಗ ಅಂಗೈ ಉದ್ದ ಆಗಿದೆ. ಜೊತೆಗಿದ್ದ ಗೋಲ್ಡ್‌ಫಿಶ್‌ಗಳನ್ನೆಲ್ಲ ತಿಂದು ಮುಗಿಸಿದೆ. ಎಂಟು ದಿನದಿಂದ ಅದರ ಹೊಟ್ಟೆಯ ಕೆಳಗೆ ಸಾಸಿವೆ ಅಂಟಿಸಿದ ಹಾಗೆ ಕಪ್ಪು ಮೊಟ್ಟೆಗಳು ಕಾಣಿಸುತ್ತಿವೆ. ಇರುವುದು ಒಂದೇ, ಹಾಗಾದರೆ ಗಂಡು ಎಲ್ಲಿಂದ ಬಂತು? ಮನೆಯವರು ‘ಉಣಕಲ್ ಕೆರೆಗೆ ಬಿಟ್ಟು ಬನ್ನಿ, ಪಾಪ ಬದುಕಿಕೊಳ್ಳಲಿ’ ಅನ್ನುತ್ತಾರೆ. ಕುಂದಗೋಳದ ಹತ್ತಿರ ಹೊಲ ಮಾಡುವ ತಮ್ಮ ‘ನಮ್ಮ ಕೃಷಿ ಹೊಂಡಕ್ಕೆ ಬಿಡೋಣ, ಬೆಳೆದ ಮೇಲೆ ಮಾರೋಣ’ ಅನ್ನುತ್ತಾನೆ. ಯಾವುದು ಸರಿ?
– ಒಬ್ಬ ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ:

ಎರಡೂ ಬೇಡ. ಕೆರೆಗೆ ಬಿಡಬೇಡಿ, ಹೊಂಡಕ್ಕೂ ಬಿಡಬೇಡಿ, ಗಟಾರಕ್ಕಂತೂ ಸುರಿಯಲೇಬೇಡಿ. ಮತ್ತೆ ಏನು ಮಾಡುವುದಿದ್ದರೂ ಈ ವಾರದೊಳಗೆ ಮಾಡಬೇಕು. ಮೊಟ್ಟೆ ಕಂಡು ಎಂಟು ದಿನ ಆಯಿತು ಅಂತೀರಿ. ನಮ್ಮ ಕಡೆಯ ಬೆಚ್ಚಗಿನ ನೀರಿನಲ್ಲಿ ಎರಡು-ಮೂರು ವಾರಕ್ಕೆ ಮೊಟ್ಟೆ ಒಡೆಯುತ್ತವೆ. ಒಡೆದ ಮೇಲೆ ಮರಿಗಳು ಕೆಲವು ದಿನ ತಾಯಿಯ ಹೊಟ್ಟೆಗೇ ಕಚ್ಚಿಕೊಂಡಿರುತ್ತವೆ, ಎರಡು ಸಲ ಚಿಪ್ಪು ಕಳಚಿದ ಮೇಲೆ ಒಂದೊಂದಾಗಿ ಕೆಳಗಿಳಿದು ಓಡಾಡಲು ಶುರು ಮಾಡುತ್ತವೆ. ಆಮೇಲೆ ಅಕ್ಕಿ ಕಾಳಿನಷ್ಟಿರುವ ಇನ್ನೂರು-ಮುನ್ನೂರು ಮರಿಗಳನ್ನು ಕಲ್ಲಿನ ಸಂದಿಯಿಂದ, ಫಿಲ್ಟರ್ ಒಳಗಿಂದ ಹುಡುಕಿ ತೆಗೆಯುವುದು ನಿಮ್ಮಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ.

ಅಂಗಡಿಯವರು ಲಾಬ್‌ಸ್ಟರ್ ಅಂದಿರಬಹುದು, ಅದು ಲಾಬ್‌ಸ್ಟರ್ ಅಲ್ಲ. ಲಾಬ್‌ಸ್ಟರ್ ಸಮುದ್ರದ್ದು, ನಲ್ಲಿ ನೀರಿನಲ್ಲಿ ಒಂದು ದಿನವೂ ಬದುಕಲ್ಲ. ನಿಮ್ಮ ಮನೆಯಲ್ಲಿರುವುದು ಕ್ರೇಫಿಶ್. ಹೆಸರಿನಲ್ಲಿ ಫಿಶ್ ಇದ್ದರೂ ಮೀನಲ್ಲ, ಏಡಿ ಮತ್ತು ಸಿಗಡಿಯ ಬಳಗ. ಇದಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲ. ಇಲ್ಲದಿರುವುದಕ್ಕೂ ಕಾರಣ ಇದೆ, ಅದು ನಮ್ಮಲ್ಲಿ ಯಾವತ್ತೂ ಇರಲೇ ಇಲ್ಲ. ಅಮೆರಿಕ, ಯುರೋಪ್, ಆಸ್ಟ್ರೇಲಿಯಾ, ಮಡಗಾಸ್ಕರ್‌ಗಳಲ್ಲಿ ಹುಟ್ಟು ಕ್ರೇಫಿಶ್‌ಗಳಿವೆ. ಭಾರತದಲ್ಲಿ ಒಂದೂ ಇಲ್ಲ. ನಮ್ಮ ಹಳ್ಳ-ಕೆರೆಗಳಲ್ಲಿ ಕ್ರೇಫಿಶ್ ಮಾಡುವ ಕೆಲಸವನ್ನು ಏಡಿ ಮತ್ತು ಸಿಹಿನೀರಿನ ಸಿಗಡಿ ಮಾಡಿಕೊಂಡು ಬಂದಿವೆ.

ಈಗ ಗಂಡಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಈ ಒಂದು ಸಾಲು. ಇದಕ್ಕೆ ಎರಡು ಉತ್ತರ ಇರಬಹುದು. ಒಂದು, ನಿಮ್ಮದು ಅಮೆರಿಕದ ಕೆಂಪು ಕ್ರೇಫಿಶ್. ಲೂಸಿಯಾನಾ ಕಡೆಯ ಜೌಗು ನೀರಿನದು. ಇದರ ಹೆಣ್ಣಿನ ಎದೆಯ ಕೆಳಗೆ ಒಂದು ಪುಟ್ಟ ಚೀಲದಂಥ ಜಾಗ ಇರುತ್ತದೆ, ಒಮ್ಮೆ ಗಂಡು ಕೂಡಿದರೆ ಆ ವೀರ್ಯವನ್ನು ತಿಂಗಳುಗಟ್ಟಲೆ ಅಲ್ಲೇ ಕಾಪಿಟ್ಟುಕೊಂಡು ತನಗೆ ಬೇಕಾದಾಗ ಮೊಟ್ಟೆ ಇಡುತ್ತದೆ. ಆದರೆ ಕಿರುಬೆರಳಿನಷ್ಟು ಚಿಕ್ಕದಿದ್ದಾಗ ತಂದಿದ್ದು, ಒಂದು ವರ್ಷ ಒಂದೇ ಇದ್ದಿದ್ದು ಅಂದರೆ ಈ ಉತ್ತರ ಯಾಕೋ ಅಷ್ಟು ಸರಿಹೊಂದುತ್ತಿಲ್ಲ.

ಎರಡನೆಯದು ಸ್ವಲ್ಪ ಹೆದರಿಕೆಯ ಉತ್ತರ. ಅದಕ್ಕೆ ಗಂಡೇ ಬೇಕಾಗಿಲ್ಲದಿರಬಹುದು.

ಮಾರ್ಬಲ್ ಕ್ರೇಫಿಶ್ ಅಂತ ಒಂದಿದೆ. ಮೈಮೇಲೆ ಅಮೃತಶಿಲೆಯ ಹಾಗೆ ಕಂದು-ಬಿಳಿ ಗೆರೆ, ಚುಕ್ಕೆ. 1995ರ ಸುಮಾರಿಗೆ ಜರ್ಮನಿಯ ಅಕ್ವೇರಿಯಂ ಹವ್ಯಾಸಿಗಳ ಮನೆಯಲ್ಲಿ ಮೊದಲು ಕಾಣಿಸಿತು. ಒಂಟಿಯಾಗಿ ಇಟ್ಟಿದ್ದು ಮೊಟ್ಟೆ ಇಟ್ಟಿತು, ಮರಿಗಳೂ ಒಂಟಿಯಾಗಿಯೇ ಮೊಟ್ಟೆ ಇಟ್ಟವು. ಜನ ಇಟ್ಟುಕೊಳ್ಳಲಾಗದೆ ಪರಿಚಯದವರಿಗೆ ಹಂಚಿದರು, ಅವರು ಇನ್ನೊಬ್ಬರಿಗೆ ಹಂಚಿದರು. 2003ರಲ್ಲಿ ವಿಜ್ಞಾನಿಗಳು ಇದು ಗಂಡಿಲ್ಲದೆ ಸಂತಾನ ಬೆಳೆಸುವ ಪ್ರಾಣಿ ಎಂದು ಖಚಿತಪಡಿಸಿದರು. 2018ರಲ್ಲಿ ಇದರ ಪೂರ್ತಿ ವಂಶವಾಹಿಯನ್ನು ಓದಿ ನೋಡಿದಾಗ ಜಗತ್ತಿನಲ್ಲಿರುವ ಮಾರ್ಬಲ್ ಕ್ರೇಫಿಶ್‌ಗಳೆಲ್ಲ ಒಂದೇ ತಾಯಿಯ ನಕಲುಗಳು ಅಂತ ಗೊತ್ತಾಯಿತು. ಎಲ್ಲವೂ ಹೆಣ್ಣು. ಸಾಮಾನ್ಯವಾಗಿ ವರ್ಣತಂತುಗಳು ಎರಡೆರಡರ ಜೋಡಿಯಲ್ಲಿರುತ್ತವೆ, ಇದರಲ್ಲಿ ಮೂರು ಮೂರು, ಒಟ್ಟು 276. ಇದರ ಹತ್ತಿರದ ನೆಂಟ ಅಮೆರಿಕದ ಫ್ಲಾರಿಡಾ, ಜಾರ್ಜಿಯಾಗಳಲ್ಲಿ ಗಂಡು-ಹೆಣ್ಣು ಕೂಡಿಯೇ ಸಂಸಾರ ಮಾಡಿಕೊಂಡಿರುವ ಒಂದು ಸಾಧಾರಣ ಕ್ರೇಫಿಶ್.

ಗಂಡು-ಹೆಣ್ಣು ಬೇಕಾದ ಪ್ರಾಣಿಯನ್ನು ಯಾರೋ ಒಂದು ಕೆರೆಗೆ ಬಿಟ್ಟರು ಅನ್ನಿ, ಅದು ಒಂಟಿಯಾಗಿ ಸತ್ತುಹೋಗುವ ಸಾಧ್ಯತೆಯಾದರೂ ಇರುತ್ತದೆ. ಇದರಲ್ಲಿ ಆ ಭಾಗ್ಯವೂ ಇಲ್ಲ. ಮಡಗಾಸ್ಕರ್‌ಗೆ ಈ ಶತಮಾನದ ಮೊದಲ ವರ್ಷಗಳಲ್ಲಿ ಹೇಗೋ ಬಂತು. 2007ರಲ್ಲಿ ರಾಜಧಾನಿಯ ಸುತ್ತಮುತ್ತ ಒಂದು ಸಾವಿರ ಚದರ ಕಿಲೋಮೀಟರ್‌ನಷ್ಟು ಜಾಗದಲ್ಲಿತ್ತು, ಹತ್ತು ವರ್ಷದಲ್ಲಿ ಅದು ನೂರು ಪಟ್ಟು ಹಬ್ಬಿತು. ಅಲ್ಲಿನ ಜನ ಬತ್ತದ ಗದ್ದೆಯಲ್ಲಿ ಹಿಡಿದು ಸಂತೆಯಲ್ಲಿ ಮಾರುತ್ತಾರೆ, ತಿನ್ನುತ್ತಾರೆ. ಮಾರಲು ಒಯ್ಯುವವರ ಬುಟ್ಟಿಯಲ್ಲೇ ಅದು ಊರಿಂದೂರಿಗೆ ಹೋಯಿತು.

ನಿಮ್ಮದು ಯಾವುದು ಅಂತ ಫೋಟೋ ನೋಡದೆ ಹೇಳಲಾರೆ. ಇಕ್ಕಳದ ಕಾಲುಗಳ ಮೇಲೆ ಕೆಂಪು ಗುಳ್ಳೆಗಳ ಸಾಲು ಇದ್ದರೆ ಅಮೆರಿಕದ ಕೆಂಪು. ಇಕ್ಕಳ ಚಿಕ್ಕದು, ಮೈತುಂಬ ಮಾರ್ಬಲ್ ಗೆರೆ ಇದ್ದರೆ ಆ ಗಂಡಿಲ್ಲದ್ದು. ಮೈ ನೀಲಿ-ಹಸಿರು, ಚಿಪ್ಪು ನುಣುಪು ಇದ್ದರೆ ಆಸ್ಟ್ರೇಲಿಯಾದ ರೆಡ್‌ಕ್ಲಾ, ಅದರ ಗಂಡಿಗೆ ಇಕ್ಕಳದ ಹೊರಬದಿಯಲ್ಲಿ ಕೆಂಪು ಪಟ್ಟಿ ಇರುತ್ತದೆ. ಬಣ್ಣ ಒಂದನ್ನೇ ನಂಬಬೇಡಿ, ಅಕ್ವೇರಿಯಂನವರು ಕೆಂಪು ಕ್ರೇಫಿಶ್‌ನ ನೀಲಿ, ಬಿಳಿ ತಳಿಗಳನ್ನೂ ಮಾರುತ್ತಾರೆ. ಯಾವುದಾದರೂ ನನ್ನ ಉತ್ತರ ಬದಲಾಗುವುದಿಲ್ಲ, ಮಾರ್ಬಲ್ ಆಗಿದ್ದರೆ ಇನ್ನೂ ಎರಡು ಪಟ್ಟು ಗಟ್ಟಿ ಆಗುತ್ತದೆ ಅಷ್ಟೇ.

ಈಗ ನಿಮ್ಮ ಮನೆಯವರ ಮಾತಿಗೆ ಬರೋಣ. ‘ಪಾಪ ಬದುಕಿಕೊಳ್ಳಲಿ’ ಅನ್ನುವುದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಮನಸ್ಸಿನ ಮಾತದು. ತೊಂದರೆ ಏನಂದ್ರೆ, ಅದು ನಿಜವಾಗಿಯೂ ಬದುಕಿಕೊಳ್ಳುತ್ತದೆ. ಗೋಲ್ಡ್‌ಫಿಶ್ ಬಿಟ್ಟರೆ ಕೊಕ್ಕರೆ ಎರಡು ದಿನಕ್ಕೆ ಎತ್ತಿಕೊಂಡು ಹೋದೀತು. ಕೆಂಪು ಕ್ರೇಫಿಶ್‌ಗೆ ಉಣಕಲ್ ಕೆರೆಯ ಹೊಲಸು ನೀರೂ ಆಗುತ್ತದೆ, ಅಂತರಗಂಗೆಯ ಬೇರಿನ ಕತ್ತಲೆಯಂತೂ ಇನ್ನೂ ಇಷ್ಟ. ನೀರಿನಲ್ಲಿ ಪ್ರಾಣವಾಯು ಕಡಿಮೆ ಆದರೆ ಮೇಲೆ ಬಂದು ಗಾಳಿಗೆ ಮೈ ಒಡ್ಡಿ ಕಿವಿರು ಒದ್ದೆ ಇಟ್ಟುಕೊಂಡು ಉಸಿರಾಡುತ್ತದೆ. ನೀರೇ ಆರಿಹೋದರೆ ಕೆಸರಲ್ಲಿ ಮೊಳಗಟ್ಟಲೆ ಬಿಲ ತೋಡಿ ಕೆಳಗೆ ಕೂರುತ್ತದೆ. ಸ್ಪೇನ್‌ನ ಬತ್ತದ ಗದ್ದೆಗಳಲ್ಲಿ ಜಾಡು ಹಿಡಿಯಲು ಪುಟ್ಟ ರೇಡಿಯೋ ಕಟ್ಟಿ ಬಿಟ್ಟ ಒಂದು ಗಂಡು 4 ದಿನದಲ್ಲಿ 17 ಕಿಲೋಮೀಟರ್ ಓಡಾಡಿತ್ತು. ಹೆಚ್ಚು ಕಡಿಮೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ.

ಇನ್ನು ಉಣಕಲ್ ಕೆರೆ ಅಂದರೆ ಬರೀ ಉಣಕಲ್ ಕೆರೆ ಅಲ್ಲ. ನಾವು ಸಂಜೆ ವಾಕಿಂಗ್ ಹೋಗಿ ಗಿರಮಿಟ್ಟು ತಿಂದು ಬರುವವರಿಗೆ ಅದೊಂದು ಮುಚ್ಚಿದ ತಟ್ಟೆಯ ಹಾಗೆ ಕಾಣುತ್ತದೆ. ಆದರೆ ಅಲ್ಲಿಂದ ಹೊರಟ ನೀರು ಕಲಘಟಗಿ ಕಡೆ ಹರಿದು, ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆಯ ಜೊತೆ ಸಂಗಮವಾಗಿ ಬೇಡ್ತಿ ಆಗುತ್ತದೆ. ಬೇಡ್ತಿ ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ. ಅಂದರೆ ಉಣಕಲ್ಲಿನ ಕೋಡಿ ಪಶ್ಚಿಮ ಘಟ್ಟದ ಹೆಬ್ಬಾಗಿಲು. ಆ ಘಟ್ಟದಲ್ಲಿರುವ ಏಡಿಗಳಿಗೆ ನಾವಿನ್ನೂ ಹೆಸರಿಟ್ಟೇ ಮುಗಿಸಿಲ್ಲ. 2022ರಲ್ಲೂ ಯಲ್ಲಾಪುರದ ಕಡೆ ಎರಡು ಬಣ್ಣದ ಒಂದು ಹೊಸ ಏಡಿ ಸಿಕ್ಕಿತು, ‘ದ್ವಿವರ್ಣ’ ಅಂತಲೇ ಅದಕ್ಕೆ ಹೆಸರು.

ತಮ್ಮನ ಸಲಹೆಯ ನೀರು ಎತ್ತ ಹೋಗುತ್ತದೆ ನೋಡಿ. ಕುಂದಗೋಳದ ಹೊಲಗಳ ನೀರು ಬೆಣ್ಣಿಹಳ್ಳಕ್ಕೆ. ಬೆಣ್ಣಿಹಳ್ಳ ಶಿಗ್ಗಾಂವಿ ಕಡೆಯ ಗುಡ್ಡದಲ್ಲಿ ಹುಟ್ಟಿ, ನವಲಗುಂದ ದಾಟಿ, ರೋಣದ ಕಡೆ ಮಲಪ್ರಭೆ ಸೇರುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಮನೆಯವರ ಮಾತು ಕೇಳಿದರೆ ಪಡುವಣ ಸಮುದ್ರ, ತಮ್ಮನ ಮಾತು ಕೇಳಿದರೆ ಮೂಡಣ ಸಮುದ್ರ! ನಾವು ಹುಬ್ಬಳ್ಳಿ-ಧಾರವಾಡದವರು ಮನೆಯ ಮಾಳಿಗೆಯ ನಡುಗೋಡೆಯ ಮೇಲೆ ಕೂತ ಹಾಗೆ ಕೂತಿದ್ದೇವೆ, ಇತ್ತ ಚೆಲ್ಲಿದರೆ ಇತ್ತ, ಅತ್ತ ಚೆಲ್ಲಿದರೆ ಅತ್ತ. ಒಂದು ಬಕೆಟ್ ನೀರಿಗೆ ಇಷ್ಟು ದೂರದ ದಾರಿ ಇರುವ ಊರು ಜಾಸ್ತಿ ಇಲ್ಲ.

ಹೊಂಡದಿಂದ ಅದು ಹೇಗೆ ಹೊರಗೆ ಬರುತ್ತೆ, ಪ್ಲಾಸ್ಟಿಕ್ ಹಾಳೆ ಹಾಸಿದ್ದೇವಲ್ಲ ಅಂತ ತಮ್ಮ ಕೇಳಬಹುದು. ನ್ಯಾಯವಾದ ಪ್ರಶ್ನೆ. ನುಣುಪಾದ ಹಾಳೆ ಹತ್ತುವುದು ಅದಕ್ಕೂ ಕಷ್ಟವೇ. ಆದರೆ ಹಾಳೆ ಎಷ್ಟು ವರ್ಷ ನುಣುಪಾಗಿರುತ್ತದೆ? ಹೂಳು ಕೂತಿರುತ್ತದೆ, ಪಂಪಿನ ಪೈಪು ಇಳಿಬಿಟ್ಟಿರುತ್ತೀರಿ, ಹಗ್ಗ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ ಬೆಣ್ಣಿಹಳ್ಳ ಬರುವುದು ಹೇಗೆ ಅಂತ ಕುಂದಗೋಳದವರಿಗೆ ನಾನು ಹೇಳಬೇಕಾ? ಎರೆ ಹೊಲದಲ್ಲಿ ಒಂದು ರಾತ್ರಿ ದೊಡ್ಡ ಮಳೆ ಆದರೆ ಒಡ್ಡು, ಹೊಂಡ, ದಾರಿ, ಹಳ್ಳ ಎಲ್ಲ ಒಂದೇ ನೀರು. ಬೆಳಗ್ಗೆ ಹೊಂಡದಲ್ಲಿ ಏನು ಉಳಿದಿದೆ, ಏನು ಹೋಗಿದೆ ಅಂತ ಎಣಿಸುವವರು ಯಾರು?

ಬಿಲದ ಮಾತು ಹೇಳಿದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಹಾನಗಲ್ ಕಡೆ ಬತ್ತದ ಗದ್ದೆಗಳಲ್ಲಿ ನಾನು ಏಡಿ ನೋಡಲು ಹೋಗುವುದುಂಟು. ಮಳೆಗಾಲ ಮುಗಿಯುವ ಹೊತ್ತಿಗೆ ಬದುವಿನ ಬುಡದಲ್ಲಿ ಮುಷ್ಟಿ ಗಾತ್ರದ ತೂತುಗಳು, ಬಾಯಲ್ಲಿ ಕೆಸರಿನ ಉಂಡೆ ಉಂಡೆ. ಒಮ್ಮೆ ಅಲ್ಲಿನ ರೈತರೊಬ್ಬರು ತೂತಿಗೆ ಕೈ ಹಾಕಿ, ಭುಜದವರೆಗೂ ತೂರಿಸಿ, ಮುಖ ಒಂದು ಕಡೆ ಕಿವುಚಿಕೊಂಡು ಒಂದು ದಪ್ಪ ಏಡಿಯನ್ನು ಎಳೆದು ತೆಗೆದರು. ತಿರುಗಿಸಿ ತೋರಿಸಿದರು. ಹೊಟ್ಟೆಯ ಮುಚ್ಚಳ ಬಿಚ್ಚಿದರೆ ಒಳಗೆ ಕಡಲೆಬೇಳೆಗಿಂತ ಚಿಕ್ಕ ಏಡಿ ಮರಿಗಳು ಗಿಜಿಗಿಜಿ ಅಂತಿದ್ದವು, ಕಾಲು, ಕಣ್ಣು ಎಲ್ಲ ಪೂರ್ತಿ. ‘ತಾಯಿ ಐತ್ರೀ’ ಅಂತ ಹೇಳಿ ಮತ್ತೆ ಅದೇ ತೂತಿಗೆ ಬಿಟ್ಟರು. ಆ ಬದು ಸೋರುವುದಿಲ್ಲವಾ ಅಂತ ಕೇಳಿದೆ. ‘ಸೋರತೈತ್ರಿ, ವರ್ಷಕ್ಕೊಮ್ಮೆ ಮೆತ್ತತೀವಿ’ ಅಂದರು. ನಮ್ಮ ರೈತರಿಗೂ ಏಡಿಗೂ ಹೀಗೊಂದು ಹಳೆಯ ಒಪ್ಪಂದ ಇದೆ. ಕೆಂಪು ಕ್ರೇಫಿಶ್ ಬಂದ ಕಡೆ ಆ ಲೆಕ್ಕ ತಪ್ಪುತ್ತದೆ. ಅದೂ ಬದುವಿನಲ್ಲೇ ತೋಡುತ್ತದೆ, ಬಾಯಿಗೆ ಕೆಸರಿನ ಗೋಪುರ ಕಟ್ಟುತ್ತದೆ, ಆದರೆ ಸಂಖ್ಯೆ ಎಷ್ಟೋ ಪಟ್ಟು ಜಾಸ್ತಿ. ಸ್ಪೇನ್, ಪೋರ್ಚುಗಲ್‌ಗಳ ಬತ್ತದ ರೈತರು ಒಡೆದ ಬದು, ಕಡಿದ ಸಸಿ ಎರಡನ್ನೂ ಕಂಡಿದ್ದಾರೆ.

‘ನಮ್ಮ ಏಡಿಯೂ ತಿನ್ನುತ್ತದೆ, ಅದೂ ತಿನ್ನುತ್ತದೆ, ಏನು ವ್ಯತ್ಯಾಸ’ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಇದನ್ನು ಅಳೆಯಲು ಒಂದು ಸರಳ ಪ್ರಯೋಗ ಇದೆ. ಹೊರಗಿನಿಂದ ಬಂದದ್ದನ್ನು ಒಂದು ತೊಟ್ಟಿಯಲ್ಲಿ, ಊರಿನದ್ದನ್ನು ಇನ್ನೊಂದರಲ್ಲಿ ಇಟ್ಟು, ಮೊದಲು ನಾಲ್ಕು ಹುಳ, ಆಮೇಲೆ ಎಂಟು, ಆಮೇಲೆ ಹದಿನಾರು, ಹೀಗೆ ಹೆಚ್ಚಿಸುತ್ತಾ ಹೋಗುವುದು. ಪಂಕ್ತಿಯಲ್ಲಿ ಕೂತವರಿಗೆ ಹೋಳಿಗೆ ಬಡಿಸುತ್ತಾ ಹೋದ ಹಾಗೆ. ಊರಿನದು ಒಂದು ಹಂತಕ್ಕೆ ಎಲೆಗೆ ಕೈ ಅಡ್ಡ ಹಿಡಿಯುತ್ತದೆ. ಹೊರಗಿನಿಂದ ಬಂದು ತೊಂದರೆ ಕೊಟ್ಟವುಗಳಲ್ಲಿ ಬಹಳಷ್ಟು ಆ ಹಂತ ದಾಟಿಯೂ ತಿನ್ನುತ್ತಲೇ ಇರುತ್ತವೆ. ಇಂಗ್ಲೆಂಡಿನ ಗ್ರಾಫಮ್ ಜಲಾಶಯದಲ್ಲಿ 2010ರಲ್ಲಿ ಸಿಕ್ಕ, ‘ಕೊಲೆಗಡುಕ ಸಿಗಡಿ’ ಅಂತಲೇ ಹೆಸರಾದ ಒಂದು ಜೀವಿ ಇದೆ. ಉದ್ದ ಮೂರು ಸೆಂಟಿಮೀಟರ್ ಅಷ್ಟೇ, ಆದರೆ ಹಸಿವಿಲ್ಲದಿದ್ದರೂ ಕಚ್ಚಿ ಕೊಂದು ಬಿಸಾಡುತ್ತದೆ. ಗಾತ್ರ ನೋಡಿ ಯಾರೂ ಮೋಸ ಹೋಗಬಾರದು.

ಕ್ರೇಫಿಶ್‌ನ ಊಟದ ಪಟ್ಟಿಯೂ ಉದ್ದ. ನೀರಿನ ಗಿಡ, ಬಸವನಹುಳ, ಕಪ್ಪೆಯ ಗೊದಮೊಟ್ಟೆ, ಮೀನಿನ ಮೊಟ್ಟೆ, ಸತ್ತದ್ದು, ಕೊಳೆತದ್ದು, ಕೊನೆಗೆ ತನ್ನದೇ ಮರಿ. ಕೀನ್ಯಾದ ನೈವಾಷಾ ಸರೋವರಕ್ಕೆ 1970ರಲ್ಲಿ ಕೆಂಪು ಕ್ರೇಫಿಶ್ ತಂದು ಬಿಟ್ಟರು. ಹತ್ತು-ಹದಿನೈದು ವರ್ಷದಲ್ಲಿ ಅಲ್ಲಿನ ನೀಲಿ ನೈದಿಲೆ, ನೀರೊಳಗಿನ ಗಿಡಗಳು ಹೆಚ್ಚು ಕಡಿಮೆ ಇಲ್ಲವಾದವು. ಗಿಡ ಹೋದರೆ ತಳದ ಕೆಸರನ್ನು ಹಿಡಿಯುವುದಕ್ಕೆ ಏನಿದೆ? ನೀರು ರಾಡಿ ಆಗುತ್ತದೆ, ರಾಡಿಯಲ್ಲಿ ಬೆಳಕು ಇಳಿಯುವುದಿಲ್ಲ, ಬೆಳಕಿಲ್ಲದೆ ಗಿಡ ಮತ್ತೆ ಬರುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ತಾಣಗಳ ಪಟ್ಟಿಗೆ ಸೇರಿತು, ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ ಅಂತ ನಾವೆಲ್ಲ ದುರ್ಬೀನು ಹಿಡಿದು ಓಡುತ್ತೇವೆ. ಅಂಥ ಕೆರೆಯಲ್ಲಿ ಇದನ್ನು ನೆನೆಸಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಒಳ್ಳೆಯದೂ ಇದೆ, ಮುಚ್ಚಿಡಲ್ಲ. ಸ್ಪೇನ್‌ನಲ್ಲಿ ಕೊಕ್ಕರೆ, ಬಕ, ನೀರುನಾಯಿಗಳಿಗೆ ಕ್ರೇಫಿಶ್ ಹಬ್ಬದೂಟ ಆಯಿತು. ಕೀನ್ಯಾದಲ್ಲಿ ಮನುಷ್ಯರಿಗೆ ರೋಗ ಹರಡುವ ಬಸವನಹುಳಗಳನ್ನು ಇದು ತಿನ್ನುತ್ತದೆ ಅಂತ ಪ್ರಯೋಗಗಳೇ ನಡೆದವು. ಹಾಗಂತ ಹಕ್ಕಿಗಳು ತಿಂದು ಮುಗಿಸಿದವಾ? ಇಲ್ಲ. ಐವತ್ತು ವರ್ಷ ಆಯಿತು, ತಿನ್ನುತ್ತಲೇ ಇವೆ, ಅವು ಇದ್ದೇ ಇವೆ.

ರೋಗದ ವಿಷಯ ಯುರೋಪಿನವರಿಗೆ ಕೇಳಬೇಕು. ಅಮೆರಿಕದ ಕ್ರೇಫಿಶ್‌ಗಳು ಮೈಯಲ್ಲಿ ಒಂದು ಬೂಷ್ಟಿನಂಥ ರೋಗಾಣು ಹೊತ್ತಿರುತ್ತವೆ. ಅವಕ್ಕೆ ಅದರಿಂದ ಏನೂ ಆಗುವುದಿಲ್ಲ, ಯುರೋಪಿನ ಹುಟ್ಟು ಕ್ರೇಫಿಶ್‌ಗಳಿಗೆ ತಗುಲಿದರೆ ನದಿಗೆ ನದಿಯೇ ಖಾಲಿ. 1859ರ ಹೊತ್ತಿಗೆ ಇಟಲಿಯಲ್ಲಿ ಶುರುವಾಗಿ 1907ರಲ್ಲಿ ಸ್ವೀಡನ್ ಮುಟ್ಟಿತು. ಆಮೇಲೆ ಅವರು ಮಾಡಿದ್ದೇನು ಗೊತ್ತಾ? ನಮ್ಮದು ಸತ್ತುಹೋಯಿತಲ್ಲ ಅಂತ 1960ರ ಸುಮಾರಿಗೆ ಆ ಜಾಗ ತುಂಬಲು ಅಮೆರಿಕದ್ದೇ ಇನ್ನೊಂದು ಕ್ರೇಫಿಶ್ ತಂದು ಬಿಟ್ಟರು, ಅದೂ ಅದೇ ರೋಗ ಹೊತ್ತು ತಂದಿತು. ನಮ್ಮಲ್ಲಿ ಹುಟ್ಟು ಕ್ರೇಫಿಶ್ ಇಲ್ಲವಲ್ಲ, ಹಾಗಾದರೆ ಚಿಂತೆ ಯಾಕೆ ಅನ್ನಬಹುದು. ಕ್ರೇಫಿಶ್‌ಗೆ ಬಿಳಿ ಚುಕ್ಕೆ ರೋಗದ ವೈರಸ್ಸೂ ತಗುಲುತ್ತದೆ. ತೊಂಬತ್ತರ ದಶಕದ ನಡುವಿನಿಂದ ನಮ್ಮ ದೇಶದ ಸಿಗಡಿ ಸಾಕುವವರ ನಿದ್ದೆ ಕೆಡಿಸಿದ್ದು ಅದೇ ರೋಗ. ಗಂಗಾವಳಿ ಹೋಗಿ ಸೇರುವುದು ಎಲ್ಲಿಗೆ ಅಂತ ಮೇಲೆ ಹೇಳಿದ್ದೇನೆ.

ದುಡ್ಡಿನ ಮಾತು. ನಿಮ್ಮ ತಮ್ಮ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿರುತ್ತಾರೆ, ಖಂಡಿತ. ಚೀನಾದಲ್ಲಿ ವರ್ಷಕ್ಕೆ 20 ಲಕ್ಷ ಟನ್ನಿಗೂ ಜಾಸ್ತಿ ಕ್ರೇಫಿಶ್ ಬೆಳೆಯುತ್ತಾರೆ, ಸುಳ್ಳಲ್ಲ. ಅಲ್ಲಿ ಅದನ್ನು ತಿನ್ನುವ ಕೋಟಿಗಟ್ಟಲೆ ಜನ ಇದ್ದಾರೆ. ಇಲ್ಲಿ ಕುಂದಗೋಳ ಸಂತೆಯಲ್ಲಿ ಹರಡಿಕೊಂಡು ಕೂತರೆ ಮಕ್ಕಳು ಸುತ್ತ ನಿಂತು ನೋಡಿಯಾರು, ಕೊಳ್ಳುವವರು ಯಾರು? ಸ್ಪೇನ್‌ನಲ್ಲೂ 1974ರಲ್ಲಿ ಸೆವಿಲ್ ಹತ್ತಿರದ ಜೌಗಿನಲ್ಲಿ ದುಡ್ಡಿನ ಆಸೆಯಿಂದಲೇ ಬಿಟ್ಟಿದ್ದು. ದುಡ್ಡು ಬಂತು. ಅದಕ್ಕೇ ಈಗ ಅದನ್ನು ತೆಗೆಯುವ ಮಾತೂ ಆಡಲಾಗುವುದಿಲ್ಲ, 2016ರಲ್ಲಿ ಯುರೋಪ್ ಒಕ್ಕೂಟ ನಿಷೇಧದ ಪಟ್ಟಿಗೆ ಸೇರಿಸಿದ ಮೇಲೂ ಅಲ್ಲಿನ ಮೀನುಗಾರರ ಹೊಟ್ಟೆಪಾಡು ಅದರ ಮೇಲೇ ನಿಂತಿದೆ. ಉರುವಲಿಗೆ ಒಳ್ಳೆಯದು ಅಂತ ಬಂದ ಬಳ್ಳಾರಿ ಜಾಲಿ ನೆನಪಿದೆ ಅಲ್ವಾ? ಉರುವಲಿಗೇನೋ ಆಯಿತು, ಹೊಲವೂ ಅದರದ್ದೇ ಆಯಿತು.

ಇದೇ ಬಳಗದ್ದೇ ಬೇಕು ಅಂದರೆ ನಮ್ಮದೇ ಸಿಹಿನೀರಿನ ದೊಡ್ಡ ಸಿಗಡಿ ಇದೆ, ಸ್ಕ್ಯಾಂಪಿ ಅಂತಾರಲ್ಲ ಅದು. ಅದರಲ್ಲೊಂದು ಚಂದದ ಬೀಗ ಇದೆ. ಸ್ಕ್ಯಾಂಪಿಯ ಮೊಟ್ಟೆ ಒಡೆದ ಎಳೆ ಮರಿಗೆ ಅರೆ ಉಪ್ಪು ನೀರು ಬೇಕೇ ಬೇಕು, ಸಮುದ್ರದ ಅಳಿವೆ ಇಲ್ಲದೆ ಸಂತಾನ ಮುಂದುವರಿಯಲ್ಲ. ಅದಕ್ಕೇ ಮರಿಗಳನ್ನು ಹ್ಯಾಚರಿಯಿಂದ ತರುತ್ತಾರೆ. ಧಾರವಾಡ ಜಿಲ್ಲೆಯ ಹೊಂಡದಲ್ಲಿ ಅದು ತನ್ನಷ್ಟಕ್ಕೆ ಹೆಚ್ಚಲು ಆಗುವುದೇ ಇಲ್ಲ. ಕ್ರೇಫಿಶ್‌ಗೆ ಆ ಬೀಗ ಇಲ್ಲ, ಅದರ ಮರಿ ಹುಟ್ಟುವಾಗಲೇ ಪುಟ್ಟ ಕ್ರೇಫಿಶ್. ಆದರೆ ನಿಜ ಹೇಳಬೇಕಂದ್ರೆ ಬೇಸಿಗೆಗೆ ಬತ್ತುವ ಹೊಂಡಕ್ಕೆ ಸ್ಕ್ಯಾಂಪಿಯೂ ದುಬಾರಿ ಹುಚ್ಚು. ನಿಮ್ಮ ತಮ್ಮ ಹೊಂಡಕ್ಕೆ ಕಾಟ್ಲಾ, ರೋಹು ಮೀನು ಬಿಡಲಿ. ಮೀನುಗಾರಿಕೆ ಇಲಾಖೆಯಲ್ಲಿ ಮರಿ ವಿಚಾರಿಸಲಿ.

‘ಬಂದರೆ ಆಮೇಲೆ ಹಿಡಿದು ತೆಗೆದರಾಯಿತು’ ಅನ್ನುವ ಧೈರ್ಯ ಬೇಡ. ಹಿಡಿಯುವ ಕೆಲಸ ಹೇಗಿರುತ್ತದೆ ಅಂತ ನನಗೆ ಗೊತ್ತು. ಕೆಲಗೇರಿ ಕೆರೆಯ ಅಂಚಿನಲ್ಲಿ ಸಂಜೆ ಬಲೆಬೋನು ಇಳಿಬಿಡುತ್ತೇವೆ, ಒಳಗೆ ಮೀನಿನ ತಲೆ ಕಟ್ಟಿ. ಬೆಳಗ್ಗೆ ಆರಕ್ಕೆ ಹೋಗಿ ಎತ್ತಿದರೆ ಎರಡು ಏಡಿ, ಒಂದು ಹಿಡಿ ಚಿಕ್ಕ ಸಿಗಡಿ, ಜಿಲೇಬಿ ಮೀನು, ಒಂದು ಸಲ ಯಾರದೋ ಚಪ್ಪಲಿ. ಜಿಲೇಬಿಯೂ ಹೊರಗಿನದೇ, ಮೂಲ ಆಫ್ರಿಕಾ, ನಮ್ಮ ದೇಶಕ್ಕೆ 1952ರಲ್ಲಿ ಬಂದದ್ದು, ಈಗ ಅದಿಲ್ಲದ ಕೆರೆ ತೋರಿಸಿ ನೋಡೋಣ. ನನ್ನ ಬೋನಿನಲ್ಲಿ ಈವರೆಗೆ ಕ್ರೇಫಿಶ್ ಬಿದ್ದಿಲ್ಲ, ಬೀಳದಿರಲಿ ಅಂತಲೇ ಪ್ರತಿ ಸಲ ಎತ್ತುತ್ತೇನೆ. ಬಿದ್ದ ದಿನ ತಡ ಆಗಿರುತ್ತದೆ. ಬೋನಿಗೆ ದೊಡ್ಡವೇ ಬೀಳುತ್ತವೆ, ಅದರಲ್ಲೂ ಗಂಡುಗಳು ಜಾಸ್ತಿ. ಮರಿಗಳು ಬಲೆಯ ಕಣ್ಣಿನಿಂದ ನುಸುಳುತ್ತವೆ, ಮೊಟ್ಟೆ ಹೊತ್ತ ಹೆಣ್ಣು ಬಿಲ ಬಿಟ್ಟು ಬರುವುದೇ ಇಲ್ಲ. ದೊಡ್ಡವನ್ನು ತೆಗೆದರೆ ಚಿಕ್ಕವಕ್ಕೆ ಊಟ, ಜಾಗ ಎರಡೂ ಹೆಚ್ಚುತ್ತವೆ. ಚಿಕ್ಕ ಕೊಳವಾದರೆ ನೀರು ಬತ್ತಿಸಿಯೋ ಮದ್ದು ಹಾಕಿಯೋ ಕೆಲವು ಕಡೆ ಗೆದ್ದಿದ್ದಾರೆ. ಹರಿಯುವ ಹಳ್ಳದಲ್ಲಿ, ದೊಡ್ಡ ಕೆರೆಯಲ್ಲಿ ಒಮ್ಮೆ ಸಂಸಾರ ಹೂಡಿದರೆ ಮುಗಿಯಿತು. ಈಗ ಒಂದು ಲೀಟರ್ ನೀರು ಸೋಸಿ, ಅದರಲ್ಲಿ ಕರಗಿದ ಡಿಎನ್‌ಎ ನೋಡಿ ‘ಇದೆ’ ಅಂತ ಹೇಳಬಹುದು. ಇದೆ ಅಂತ ಗೊತ್ತಾದ ಮಾತ್ರಕ್ಕೆ ಹೋಗುವುದಿಲ್ಲವಲ್ಲ.

ಜಪಾನಿನ ಕತೆ ನಿಮ್ಮ ಮಗನಿಗೆ ಹೇಳಿ. 1927ರಲ್ಲಿ ಸಾಕಿದ ಗೂಳಿಗಪ್ಪೆಗಳಿಗೆ ಆಹಾರ ಮಾಡಲು ಅಮೆರಿಕದಿಂದ ಹಡಗಿನಲ್ಲಿ ಕೆಂಪು ಕ್ರೇಫಿಶ್ ತರಿಸಿದರು. ದಾರಿಯಲ್ಲಿ ಬಹಳಷ್ಟು ಸತ್ತು, ಬದುಕಿ ಬಂದದ್ದು ಸುಮಾರು 20. ಅಷ್ಟರಿಂದಲೇ ಇಡೀ ಜಪಾನ್ ತುಂಬಿತು, ಅಲ್ಲಿಂದ ಚೀನಾಕ್ಕೂ ಹೋಯಿತು. ಅಲ್ಲಿನ ಮಕ್ಕಳೆಲ್ಲ ದಾರಕ್ಕೆ ತಿನಿಸು ಕಟ್ಟಿ ಅದನ್ನು ಹಿಡಿದು ಸಾಕುತ್ತಾರೆ. 2023ರ ಜೂನ್‌ನಿಂದ ಅಲ್ಲಿ ಹೊಸ ಕಾನೂನು ಬಂದಿದೆ: ಮನೆಯಲ್ಲಿ ಸಾಕಿಕೊಳ್ಳಬಹುದು, ಆದರೆ ಹೊರಗೆ ಬಿಡುವಂತಿಲ್ಲ, ಮಾರುವಂತಿಲ್ಲ. ಪೂರ್ತಿ ನಿಷೇಧ ಮಾಡಿದರೆ ಹೆದರಿ ಎಲ್ಲರೂ ಒಂದೇ ರಾತ್ರಿ ಹೊಳೆಗೆ ಸುರಿದುಬಿಡುತ್ತಾರೆ ಅನ್ನುವ ಲೆಕ್ಕ. ಜಾಣತನದ ಕಾನೂನು ಅನಿಸಿತು ನನಗೆ. ನಮ್ಮಲ್ಲೂ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಹೊರಗಿನ ಆಕ್ರಮಣಕಾರಿ ಜೀವಿಗಳನ್ನು ತರುವುದು, ಇಟ್ಟುಕೊಳ್ಳುವುದು, ಮಾರುವುದಕ್ಕೆ ಕಡಿವಾಣ ಹಾಕುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂದಿದೆ. ಆದರೆ ನಿಮ್ಮ ಬಚ್ಚಲಲ್ಲಿ ಬಕೆಟ್ ಹಿಡಿದು ನಿಂತಾಗ ಸರ್ಕಾರ ಪಕ್ಕದಲ್ಲಿರುವುದಿಲ್ಲ.

ಸರಿ, ಈಗ ಏನು ಮಾಡಬೇಕು. ಅಂಗಡಿಗೆ ವಾಪಸ್ ಕೊಡಬೇಡಿ, ಮೊಟ್ಟೆ ಸಮೇತ ಕೊಟ್ಟರೆ ಮುನ್ನೂರು ಮನೆಗೆ ಹೋಗುತ್ತವೆ. ಪರಿಚಯದವರಿಗೂ ಹಂಚಬೇಡಿ, ಜರ್ಮನಿಯಲ್ಲಿ ಹಾಗೇ ಆಗಿದ್ದು. ನನ್ನ ಸಲಹೆ ಕಠಿಣ ಅನಿಸಬಹುದು. ಮುಚ್ಚಳ ಇರುವ ಡಬ್ಬಿಯಲ್ಲಿ ಅದೇ ಟ್ಯಾಂಕಿನ ನೀರು ಸ್ವಲ್ಪ ಹಾಕಿ, ಅದನ್ನು ಅದರೊಳಗೆ ಬಿಟ್ಟು, ಒಂದೆರಡು ತಾಸು ಫ್ರಿಜ್ಜಿನಲ್ಲಿಡಿ. ಚಳಿಗೆ ಮಂಪರು ಹತ್ತಿ ಅಲುಗಾಡುವುದು ನಿಲ್ಲಿಸುತ್ತದೆ. ಆಮೇಲೆ ಫ್ರೀಜರ್‌ಗೆ, ಪೂರ್ತಿ ಒಂದು ದಿನ. ನಂತರ ಮಣ್ಣಿನಲ್ಲಿ ಹೂತುಬಿಡಿ. ಬೇಯಿಸಿ ತಿನ್ನಬಹುದಲ್ಲ ಅಂತ ಕೇಳುವವರು ಇರುತ್ತಾರೆ, ತಿನ್ನುವ ಪ್ರಾಣಿಯೇ, ಆದರೆ ಅಕ್ವೇರಿಯಂಗೆ ಏನೇನು ಔಷಧಿ ಹಾಕಿರುತ್ತೀರೋ, ಬೇಡ.

ಮಗ ಅತ್ತರೆ, ತಾಯಿಯನ್ನು ಉಳಿಸಿಕೊಳ್ಳುವ ದಾರಿಯೂ ಇದೆ. ಹಿಂದಿನಿಂದ ಬೆನ್ನು ಹಿಡಿದು ತಿರುಗಿಸಿ, ಬಾಲದ ಕೆಳಗಿನ ಮೊಟ್ಟೆಗಳನ್ನು ಮೆತ್ತನೆಯ ಬ್ರಷ್ಷಿನಿಂದ ಒಂದು ಬಟ್ಟಲಿಗೆ ಕೆರೆದು ತೆಗೆಯಿರಿ, ಒಂದೂ ಬಿಡದೆ. ಬಟ್ಟಲನ್ನು ಫ್ರೀಜರ್‌ಗೆ ಹಾಕಿ. ಆದರೆ ಮಾರ್ಬಲ್ ಆಗಿದ್ದರೆ ಕೆಲವು ತಿಂಗಳಿಗೆ ಮತ್ತೆ ಮೊಟ್ಟೆ, ಮತ್ತೆ ಬ್ರಷ್ಷು. ಎರಡು-ಮೂರು ವರ್ಷ ಬದುಕುತ್ತದೆ, ಅಷ್ಟು ದಿನ ನಿಮಗೆ ತಾಳ್ಮೆ ಇರುತ್ತದಾ ನೋಡಿಕೊಳ್ಳಿ. ಟ್ಯಾಂಕಿಗೆ ಭಾರದ ಮುಚ್ಚಳ ಇರಲಿ, ಏರ್ ಪೈಪ್ ಹಿಡಿದು ರಾತ್ರಿ ಹತ್ತಿ ಬರುವುದು ಇವಕ್ಕೆ ರೂಢಿ. ಟ್ಯಾಂಕಿನ ನೀರು ಬದಲಿಸುವಾಗ ಬಟ್ಟೆಯಲ್ಲಿ ಸೋಸಿ ಗಿಡದ ಬುಡಕ್ಕೆ ಹಾಕಿ, ಗಟಾರಕ್ಕಲ್ಲ. ಕಲ್ಲು, ಮರಳು, ಫಿಲ್ಟರ್ ಬಿಸಿಲಿನಲ್ಲಿ ಪೂರ್ತಿ ಒಣಗಲಿ.

ಒಂದು ಉಪಕಾರ ಮಾಡಿ. ಫ್ರಿಜ್ಜಿಗೆ ಇಡುವ ಮೊದಲು ಮೂರು ಫೋಟೋ ತೆಗೆಯಿರಿ: ಮೇಲಿನಿಂದ ಒಂದು, ಇಕ್ಕಳದ ಕಾಲಿನದು ಹತ್ತಿರದಿಂದ ಒಂದು, ತಿರುಗಿಸಿ ಎದೆ-ಹೊಟ್ಟೆ ಕಾಣುವ ಹಾಗೆ ಒಂದು. ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇರಲಿ, ಅಳತೆಗೆ. ಕೊಂಡ ತಿಂಗಳು ನೆನಪಿದ್ದರೆ ಬರೆಯಿರಿ, ಅಂಗಡಿಯ ಹೆಸರು ಬೇಡ. ಆಗ ಒಂದು ಕಾಲಿನ ತುಂಡನ್ನು ಪರೀಕ್ಷೆಗೆಂದು ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಮುಳುಗಿಸಿ ಇಡಬೇಕಾ ಬೇಡವಾ ಅಂತ ಫೋಟೋ ನೋಡಿ ಹೇಳುತ್ತೇನೆ.